ಗ್ಲಾರುಸ್ ಬೆಟ್ಟದ ಎಲ್ಮ್ ಊರಿಗೆ ಹೋಗಿಬಂದೆ, ಒಂದೆರಡು ಪ್ರಶ್ನೆ ಇವೆ

ಬೆಟ್ಟದ ದಾರಿ

ಎಲ್ಲರಿಗೂ ನಮಸ್ಕಾರ. ವಿಂಟರ್‌ಟೂರ್‌ನಲ್ಲಿದ್ದೇನೆ, ಸ್ವಿಟ್ಜರ್ಲೆಂಡಿಗೆ ಬಂದು ನಾಲ್ಕು ವರ್ಷವಾಯಿತು. ಕಳೆದ ಶನಿವಾರ ಹೆಂಡತಿ ಮತ್ತು ಏಳು ವರ್ಷದ ಮಗಳ ಜೊತೆ ಎಲ್ಮ್ ಅನ್ನೋ ಹಳ್ಳಿಗೆ ಹೋಗಿದ್ದೆ. ಗ್ಲಾರುಸ್ ಕ್ಯಾಂಟನ್‌ನಲ್ಲಿ (ಕ್ಯಾಂಟನ್ ಅಂದರೆ ಇಲ್ಲಿನ ರಾಜ್ಯ) ಸೆರ್ನ್ಫ್ ಹೊಳೆಯ ಕಣಿವೆ ಇದೆಯಲ್ಲ, ಅದರ ಕೊನೆಯ ಊರು. ಶ್ವಾಂಡೆನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಸುತ್ತ ಮೂರು ಕಡೆ ಬೆಟ್ಟದ ಗೋಡೆ. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಕಿಟಕಿ ಕೆಳಗೆ ಜೋಡಿಸಿಟ್ಟ ಸೌದೆ, ನಡುವೆ ಬಿಳಿ ಚರ್ಚು.

ಅಲ್ಲಿ ಹಳೆಯ ಸ್ಲೇಟು ಕಾರ್ಖಾನೆಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ. ನಾವು ಅ ಆ ಇ ಈ ತಿದ್ದಿದ್ದೆವಲ್ಲ, ಅದೇ ಸ್ಲೇಟು, ಮರದ ಚೌಕಟ್ಟಿನದು. ಅಲ್ಲಿದ್ದ ಹಿರಿಯರೊಬ್ಬರು ಮಗಳ ಕೈಗೆ ಸ್ಲೇಟು, ಬಳಪ ಕೊಟ್ಟರು. ಅವಳು ದೊಡ್ಡದಾಗಿ ‘ಅ’ ಬರೆದಳು. ಅವರು ಕನ್ನಡಕ ಏರಿಸಿಕೊಂಡು ಅದನ್ನೇ ನೋಡುತ್ತಾ ನಿಂತರು. ಇದು ಯಾವ ಲಿಪಿ ಅಂತ ಕೇಳಿ, ಒರೆಸದೆ ಹಾಗೇ ಮೇಜಿನ ಮೇಲೆ ಇಟ್ಟುಕೊಂಡರು.

ಪ್ರಶ್ನೆ ಏನೆಂದರೆ, ಮಾತಿನ ನಡುವೆ ಅವರು ‘ನಾವು ಈಗ ಸ್ವಂತ ಗೆಮೈಂಡೆ ಅಲ್ಲ, ಗ್ಲಾರುಸ್ ಸ್ಯೂಡ್‌ಗೆ ಸೇರಿದವರು’ ಅಂದರು. ಗೆಮೈಂಡೆ ಅಂದರೆ ನಮ್ಮ ಪಂಚಾಯ್ತಿ ಇದ್ದ ಹಾಗೆ. ಆ ಮಾತಿನಲ್ಲಿ ನೋವಿತ್ತು ಅನ್ನಿಸಿತು. ಕೆದಕುವಷ್ಟು ಜರ್ಮನ್ ನನಗೆ ಬರುವುದಿಲ್ಲ. ಊರಿನ ಪಂಚಾಯ್ತಿ ಯಾಕೆ ಹೋಯಿತು? ಎರಡನೆಯದು, 1881ರ ಸೆಪ್ಟೆಂಬರ್ 11ರಂದು ಅಲ್ಲಿ ಬೆಟ್ಟ ಕುಸಿದದ್ದರ ಬಗ್ಗೆ ಓದಿದೆ. ಸ್ಲೇಟಿಗೂ ಅದಕ್ಕೂ ಸಂಬಂಧ ಇದೆಯಂತೆ. ಬಲ್ಲವರು ಬಿಡಿಸಿ ಹೇಳುತ್ತೀರಾ?

ಗ್ಲಾರುಸ್ ಸೊಸೆ

ಓದಿ ತುಂಬಾ ಖುಷಿಯಾಯಿತು. ನಾನು ಶಿವಮೊಗ್ಗದವಳು, ಮದುವೆಯಾಗಿ ಬಂದದ್ದು ಗ್ಲಾರುಸ್‌ಗೆ. ನನ್ನ ಅತ್ತೆ ಅದೇ ಕಣಿವೆಯವರು, ಎಲ್ಮ್‌ಗಿಂತ ಸ್ವಲ್ಪ ಕೆಳಗಿರುವ ಮಾಟ್ ಊರಿನವರು. ಹಾಗಾಗಿ ಪಂಚಾಯ್ತಿ ಕಥೆ ನಮ್ಮ ಮನೆಯ ಊಟದ ಮೇಜಿನ ಮೇಲೇ ನಡೆದದ್ದು.

ಮೊದಲು ಇದನ್ನು ತಿಳಿದುಕೊಳ್ಳಿ. ಗ್ಲಾರುಸ್‌ನಲ್ಲಿ ಕ್ಯಾಂಟನ್ನಿನ ಕಾನೂನನ್ನು ಜನರೇ ಬಯಲಲ್ಲಿ ನಿಂತು ಮಾಡುತ್ತಾರೆ. ಮೇ ತಿಂಗಳ ಮೊದಲ ಭಾನುವಾರ ಗ್ಲಾರುಸ್ ಪಟ್ಟಣದ ಚೌಕದಲ್ಲಿ ಲಾಂಡ್ಸ್‌ಗೆಮೈಂಡೆ ಸೇರುತ್ತದೆ. ಕ್ಯಾಂಟನ್ನಿನ ಮುಖ್ಯಸ್ಥರು ಕತ್ತಿಯ ಮೇಲೆ ಕೈಯೂರಿ ನಿಂತು ಸಭೆ ನಡೆಸುತ್ತಾರೆ. ಮತದಾರರು ಬಣ್ಣದ ಚೀಟಿ ಎತ್ತುತ್ತಾರೆ. ಎಣಿಕೆ ಇಲ್ಲ, ಮುಖ್ಯಸ್ಥರು ಕಣ್ಣಳತೆಯಲ್ಲೇ ಯಾವ ಕಡೆ ಹೆಚ್ಚು ಅಂತ ಹೇಳುತ್ತಾರೆ, ಅದೇ ಕೊನೆ ಮಾತು. ಯಾರು ಬೇಕಾದರೂ ವೇದಿಕೆಗೆ ಹೋಗಿ, ಸರ್ಕಾರದ ಪ್ರಸ್ತಾಪವನ್ನೇ ಬದಲಾಯಿಸಿ ಅಂತ ಕೇಳಬಹುದು.

2006ರ ಮೇ 7ರಂದು ಆದದ್ದೂ ಅದೇ. ಆಗ ಕ್ಯಾಂಟನ್‌ನಲ್ಲಿ 25 ಪಂಚಾಯ್ತಿಗಳು. ಒಟ್ಟು ಜನಸಂಖ್ಯೆ 40 ಸಾವಿರದೊಳಗೆ. ಪಂಚಾಯ್ತಿ ಬೇರೆ, ಶಾಲೆಯ ಆಡಳಿತ ಬೇರೆ, ಬಡವರ ನೆರವಿಗೆ ಬೇರೆ ಸಂಸ್ಥೆ, ಊರಿನ ಮೂಲ ನಿವಾಸಿಗಳ ಕಾಡು-ಹುಲ್ಲುಗಾವಲು ನೋಡಿಕೊಳ್ಳಲು ‘ಟಾಗ್ವೆನ್’ ಅನ್ನೋ ಇನ್ನೊಂದು. ಇಷ್ಟಕ್ಕೂ ಕೂರಲು ಜನ ಸಿಗುತ್ತಿರಲಿಲ್ಲ, ದುಡ್ಡೂ ಸಾಲುತ್ತಿರಲಿಲ್ಲ. ಸರ್ಕಾರ 25ನ್ನು 10 ಮಾಡೋಣ ಅಂತ ಪ್ರಸ್ತಾಪ ತಂದಿತ್ತು. ಸಭೆಯಲ್ಲಿ ಒಬ್ಬ ಸಾಮಾನ್ಯ ನಾಗರಿಕರು ಹತ್ತು ಬೇಡ, ಮೂರೇ ಇರಲಿ ಅಂದರು. ಜನ ಚೀಟಿ ಎತ್ತಿಬಿಟ್ಟರು! ನನ್ನ ಗಂಡ ಅಲ್ಲಿದ್ದರು. ಕೆಲವು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ, ಪಕ್ಕದಲ್ಲಿ ನಿಂತವರು ‘ಈಗ ನಾವು ಏನು ಮಾಡಿದೆವು?’ ಅಂತ ಕೇಳಿದರು ಅಂತ ಈಗಲೂ ಹೇಳುತ್ತಾರೆ. ಬೇಡ ಅನ್ನುವವರ ಒತ್ತಾಯಕ್ಕೆ 2007ರ ನವೆಂಬರ್ 25ರಂದು ವಿಶೇಷ ಸಭೆ ಕರೆದರು. ಜನ ಮತ್ತೆ ಮೂರೇ ಅಂದರು, ಈ ಸಲ ಭಾರೀ ಬಹುಮತದಿಂದ. 2011ರ ಜನವರಿ 1ಕ್ಕೆ ಎಲ್ಮ್ ಪಂಚಾಯ್ತಿ ಮುಗಿಯಿತು. ಅದರ ಜೊತೆ ಮಾಟ್, ಎಂಗಿ, ಶ್ವಾಂಡೆನ್, ಲಿಂಟಾಲ್, ಬ್ರೌನ್‌ವಾಲ್ಡ್ ಎಲ್ಲ ಸೇರಿ 13 ಪಂಚಾಯ್ತಿಗಳು ಗ್ಲಾರುಸ್ ಸ್ಯೂಡ್ ಆದವು. ಸುಮಾರು 430 ಚದರ ಕಿಲೋಮೀಟರ್; ಆಗ ವಿಸ್ತೀರ್ಣದಲ್ಲಿ ದೇಶದ ಅತಿ ದೊಡ್ಡ ಪಂಚಾಯ್ತಿ ಅದೇ.

ಪಂಚಾಯ್ತಿ ಪಿಡಿಒ, ಧಾರವಾಡ ಕಡೆಯವ

ಅಕ್ಕಾರ, ಚಲೋ ಬರದೀರಿ. ನಮ್ಮ ಕಡೆ ಹೊಸಾ ತಾಲ್ಲೂಕು ಬೇಕು, ಹೊಸಾ ಪಂಚಾಯ್ತಿ ಬೇಕು ಅಂತ ಹೋರಾಟ ಮಾಡೂದನ್ನ ನೋಡೇನಿ. ಜನಾನ ನಿಂತು ನಮ್ಮ ಪಂಚಾಯ್ತಿ ತಗೀರಿ ಅಂದಿದ್ದು ಇದ ಮೊದಲ ಕೇಳಿದ್ದು ನೋಡ್ರಿ. ಒಂದು ಕೇಳ್ತೀನಿ. ಎಲ್ಮ್‌ದಾಗ ಒಬ್ಬ ಮುದುಕಿಗೆ ದಾಖಲೆ ಬೇಕಾತು, ಇಲ್ಲಾ ಮನಿ ಮುಂದಿನ ರಸ್ತೆದಾಗ ಬರ್ಫ ಬಿದ್ದು ದಾರಿ ಕಟ್ಟೇತಿ ಅಂತ ಹೇಳಬೇಕಾತು ಅಂದ್ರ ಆಕಿ ಎಲ್ಲಿಗೆ ಹೋಗಬೇಕ್ರಿ? ಕಾಗದದ ಮ್ಯಾಲ ಉಳಿತಾಯ ಕಾಣತೈತಿ. ಆದ್ರ ಕಚೇರಿ ದೂರ ಆತು ಅಂದ್ರ ಮೊದಲು ಬಡವ್ರಿಗೆ ತ್ರಾಸ. ಇದನ್ನ ನಾ ದಿನಾ ನೋಡತೇನಿ.

ಗ್ಲಾರುಸ್ ಸೊಸೆ

ಅಣ್ಣಾ, ನಿಮ್ಮ ಮಾತು ನಿಜ. ನಮ್ಮ ಅತ್ತೆ ಹೇಳುವುದೂ ಅದನ್ನೇ. ಮೊದಲು ಅಧ್ಯಕ್ಷರು ಅಂದರೆ ಹಸು ಕಟ್ಟಿಕೊಂಡು ಪಕ್ಕದ ಬೀದಿಯಲ್ಲೇ ಇರುತ್ತಿದ್ದವರು. ಹಾಲು ಹಾಕಲು ಹೋದಾಗ ಹೇಳಿದರೆ ಸಾಕಿತ್ತು. ಈಗ ಪತ್ರ, ಫೋನು. ಆದರೆ ಕೆಲಸ ಮಾಡುವವರು ತರಬೇತಿ ಇರುವವರು, ಕಾಡು ನೋಡಲು, ನೀರು ನೋಡಲು ಪೂರ್ತಿ ಸಮಯದವರು ಇದ್ದಾರೆ. ಸಣ್ಣ ಪಂಚಾಯ್ತಿಗೆ ಅದು ಸಾಧ್ಯವಿರಲಿಲ್ಲ. ಅತ್ತೆ ವಿಲೀನಕ್ಕೆ ವಿರುದ್ಧ, ಗಂಡ ಪರ. ಇಬ್ಬರ ಮಾತಲ್ಲೂ ಹುರುಳಿದೆ.

ಅತ್ತೆಗೆ ನಿಜವಾಗಿ ನೋವಾದದ್ದು ಬೇರೆ ವಿಷಯಕ್ಕೆ. ಇಲ್ಲಿಯವರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮೂಲ ಊರು ಬರೆಯುತ್ತಾರೆ. ‘ಹೈಮಾಟ್‌ಓರ್ಟ್’ ಅಂತಾರೆ. ಮುತ್ತಜ್ಜ ಯಾವ ಊರಿನ ಪೌರನೋ ಅದೇ, ನೀವು ಜಿನೀವಾದಲ್ಲಿ ಹುಟ್ಟಿ ಬೆಳೆದಿದ್ದರೂ. ನಮ್ಮಲ್ಲಿ ಹೆಸರಿನ ಹಿಂದೆ ಊರಿನ ಮೊದಲಕ್ಷರ ಇಟ್ಟುಕೊಳ್ಳುತ್ತೇವಲ್ಲ, ಅಂಥದ್ದೇ ಭಾವ. ಎಲ್ಮರ್ ಅನ್ನೋ ಮನೆತನದ ಹೆಸರೇ ಎಲ್ಮ್‌ನಿಂದ ಬಂದದ್ದು. ವಿಲೀನವಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗ್ಲಾರುಸ್ ಸ್ಯೂಡ್ ಅಂತ ಬಂತು. ‘ಗ್ಲಾರುಸ್ ಸ್ಯೂಡ್ ಅನ್ನೋ ಊರಲ್ಲಿ ನನ್ನ ಅಜ್ಜಿಯ ಗೋರಿ ಇಲ್ಲ’ ಅಂದಿದ್ದರು ಅತ್ತೆ. ‘ಸ್ಯೂಡ್’ ಅಂದರೆ ದಕ್ಷಿಣ, ಅದೊಂದು ದಿಕ್ಕು. ದಿಕ್ಕು ಊರಾಗುತ್ತದೆಯೇ ಅಂತ ಅವರ ಪ್ರಶ್ನೆ. ನನಗೆ ಉತ್ತರ ಕೊಡಲಾಗಲಿಲ್ಲ.

ನಿವೃತ್ತ ಮೇಷ್ಟ್ರು

ನಾನು ಮೈಸೂರಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು. ಎಲ್ಮ್ ನೋಡಿಲ್ಲ. ಆದರೆ ಬೆಟ್ಟ ಕುಸಿತದ ಪಾಠ ಶುರು ಮಾಡುತ್ತಿದ್ದುದೇ ಎಲ್ಮ್‌ನಿಂದ, ಹಾಗಾಗಿ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ.

ಎಲ್ಮ್ ಬಡ ಊರು. ಹಸು, ಹುಲ್ಲು, ದೀರ್ಘ ಚಳಿಗಾಲ. ಊರಿನ ಎದುರಿನ ಚಿಂಗೆಲ್ ಬೆಟ್ಟದ ಬುಡದಲ್ಲಿ ಒಳ್ಳೆಯ ಸ್ಲೇಟು ಕಲ್ಲಿನ ಪದರವಿತ್ತು. ಯುರೋಪಿನ ಹಲವು ಕಡೆ ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಸೇರಿಸುತ್ತಿದ್ದ ಕಾಲ, ಸ್ಲೇಟಿಗೆ ಬೇಡಿಕೆಯೋ ಬೇಡಿಕೆ. 1868ರಲ್ಲಿ ಕ್ವಾರಿ ಶುರುವಾಯಿತು. ಕೆಲಸಕ್ಕೆ ಹೋದವರು ದನ ಮೇಯಿಸುತ್ತಿದ್ದ ರೈತರು. ಗಣಿ ಕೆಲಸ ಕಲಿತವರಲ್ಲ. ಕಲ್ಲಿನ ಪದರ ಎತ್ತ ಹೋಯಿತೋ ಅತ್ತ ಕೊರೆದರು. ಹದಿಮೂರು ವರ್ಷದಲ್ಲಿ ಬೆಟ್ಟದ ಕಾಲಿಗೆ ಸುಮಾರು 180 ಮೀಟರ್ ಅಗಲ, 65 ಮೀಟರ್ ಆಳದ ಕಚ್ಚು ಬಿತ್ತು. ಮರ ಕಡಿಯುವವನು ಬುಡದಲ್ಲಿ ಒಂದು ಕಡೆ ಕಚ್ಚು ಹಾಕುವುದಿಲ್ಲವೇ, ಹಾಗೆ. ಮೇಲಿನ ಇಡೀ ಬೆಟ್ಟ ನಿಂತಿದ್ದು ಅದರ ಮೇಲೆ.

ಬೆಟ್ಟ ಹೇಳದೆ ಬೀಳಲಿಲ್ಲ. 1881ರ ಬೇಸಿಗೆಯಲ್ಲಿ ಮೇಲೆ ಬಿರುಕು ಅಗಲವಾಗುತ್ತಾ ಬಂತು. ಮಳೆ ಜೋರಿತ್ತು, ಹೊಳೆ-ತೊರೆಯ ನೀರು ಬಿರುಕಿನೊಳಗೆ ಇಳಿಯಿತು. ಕಲ್ಲುಗಳು ಉರುಳತೊಡಗಿದವು. ಕ್ವಾರಿ ಕೆಲಸ ನಿಲ್ಲಿಸಿದರು. ಕುಸಿಯುವ ಹಿಂದಿನ ದಿನ ಅಧಿಕಾರಿಗಳ ತಂಡ ಬೆಟ್ಟ ಹತ್ತಿ ನೋಡಿತು. ತಕ್ಷಣಕ್ಕೆ ಊರಿಗೆ ಅಪಾಯವಿಲ್ಲ ಅನ್ನುವ ತೀರ್ಮಾನಕ್ಕೆ ಬಂದಿತು.

ಮರುದಿನ ಭಾನುವಾರ. ಸಂಜೆ ಐದು ದಾಟಿತ್ತು. ಬೆಟ್ಟದ ಬುಡದ ಉಂಟರ್‌ಟಾಲ್ ಅನ್ನೋ ಮಜರೆಯಲ್ಲಿ ಜನ ಹೊರಗೆ ನಿಂತು ಕಲ್ಲು ಬೀಳುವುದನ್ನು ನೋಡುತ್ತಿದ್ದರು. ಮೊದಲ ಕುಸಿತ ಒಂದು ಮಗ್ಗುಲಿನಿಂದ ಬಂತು. ಸುಮಾರು ಹದಿನೇಳು ನಿಮಿಷದ ಮೇಲೆ ಇನ್ನೊಂದು ಮಗ್ಗುಲು ಜರಿಯಿತು, ಮನೆಗಳಿಗೆ ಬಡಿಯಿತು. ಜನ ಎದುರಿನ ಡ್ಯೂನಿಬೆರ್ಗ್ ಇಳಿಜಾರಿನತ್ತ ಓಡಿದರು. ಎತ್ತರದ ಜಾಗ, ಅಲ್ಲಿಗೆ ಕಲ್ಲು ಬರಲಾರದು ಅಂತ ಯಾರಾದರೂ ಭಾವಿಸುತ್ತಾರೆ. ನಾನೂ ಅಲ್ಲಿಗೇ ಓಡುತ್ತಿದ್ದೆ. ಇನ್ನು ನಾಲ್ಕು ನಿಮಿಷಕ್ಕೆ ಎರಡೂ ಮಗ್ಗುಲಿನ ಆಸರೆ ಕಳೆದುಕೊಂಡ ನಡುವಿನ ಬೆಟ್ಟ ಪೂರ್ತಿ ಇಳಿಯಿತು. ಕ್ವಾರಿಯ ಕಟ್ಟೆಗೆ ಬಡಿದು ನೇರವಾಗಿ ಗಾಳಿಗೆ ಚಿಮ್ಮಿತು. ಆ ಕಲ್ಲುಗಳ ಕೆಳಗಿನ ಸಂದಿನಿಂದ ಆಚೆ ಬದಿಯ ಬೆಟ್ಟ ಕಾಣಿಸಿತು ಅಂತ ಬದುಕಿ ಉಳಿದವರು ಹೇಳಿದ್ದಾರೆ. ಈ ಒಂದು ವಾಕ್ಯ ಓದಿ ಹೇಳುವಾಗ ತರಗತಿ ಪ್ರತಿ ವರ್ಷ ಮೌನವಾಗುತ್ತಿತ್ತು. ನೆಲಕ್ಕೆ ಬಿದ್ದ ಕಲ್ಲುಮಣ್ಣು ಎದುರಿನ ಇಳಿಜಾರನ್ನು ಏರಿತು, ಅಲ್ಲಿ ಆಶ್ರಯ ಪಡೆದವರನ್ನು ಮುಚ್ಚಿತು, ಆಮೇಲೆ ತಿರುಗಿ ಸಮತಟ್ಟಾದ ಕಣಿವೆಯುದ್ದಕ್ಕೂ ನೀರಿನ ಹಾಗೆ ಒಂದೂವರೆ ಕಿಲೋಮೀಟರಿನಷ್ಟು ಹರಿದು ನಿಂತಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಸುಮಾರು ಒಂದು ಕೋಟಿ ಘನ ಮೀಟರ್ ಕಲ್ಲು. 114 ಜನ ಸತ್ತರು (ಕೆಲವು ಬರಹಗಳಲ್ಲಿ 115 ಅಂತಿದೆ). 83 ಕಟ್ಟಡ ಹೋದವು.

ಜ್ಯೂರಿಕ್‌ನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಅಲ್ಲಿಗೆ ಹೋಗಿ ಅಳತೆ ಮಾಡಿದರು. ಎರ್ನ್ಸ್ಟ್ ಬುಸ್ ಅನ್ನುವ ಪಾದ್ರಿ ಉಳಿದವರ ಮಾತುಗಳನ್ನು ಬರೆದುಕೊಂಡರು. ಒಣ ಕಲ್ಲು ಇಷ್ಟು ದೂರ ಹೇಗೆ ಹರಿಯಿತು ಅನ್ನುವ ಹೈಮ್ ಅವರ ಪ್ರಶ್ನೆ ಇವತ್ತಿಗೂ ಜೀವಂತ. 1975ರಲ್ಲಿ ಕೆನೆತ್ ಶ್ಯೂ ಅನ್ನುವ ವಿಜ್ಞಾನಿ ಎಲ್ಮ್‌ನ ದಾಖಲೆಗಳನ್ನೇ ಮುಂದಿಟ್ಟುಕೊಂಡು ಮತ್ತೆ ಆ ಚರ್ಚೆ ಎತ್ತಿದರು.

ಕಾಫಿ ತೋಟ, ಮಡಿಕೇರಿ

ಮೇಷ್ಟ್ರೇ, ಓದಿ ಸುಮಾರು ಹೊತ್ತು ಸುಮ್ಮನೆ ಕೂತೆ. 2018ರ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಜರಿದಾಗ ನಾನು ಚಿಕ್ಕಪ್ಪನ ಮನೆಯಲ್ಲಿದ್ದೆ. ಹಿಂದಿನ ದಿನ ಅಂಗಳದಲ್ಲಿ ಒಂದು ಬಿರುಕು, ಬೆರಳು ತೂರುವಷ್ಟು. ಚಿಕ್ಕಮ್ಮ ಅದಕ್ಕೆ ಮಣ್ಣು ಮೆತ್ತಿದ್ದರು. ರಾತ್ರಿ ನಾಯಿ ಒಳಗೆ ಬರಲೊಲ್ಲದು. ನಾವು ಬದುಕಿದ್ದು ನಾಯಿಯಿಂದ. ಎಲ್ಮ್‌ನವರು ನಿಂತು ನೋಡುತ್ತಿದ್ದರು ಅಂದಿರಲ್ಲ, ಅದು ನನಗೆ ಅರ್ಥವಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ ಗುಡ್ಡ ನಮ್ಮ ಮೇಲೆ ಬರುತ್ತದೆ ಅಂತ ಮನಸ್ಸು ಒಪ್ಪುವುದೇ ಇಲ್ಲ.

ಓದುಗ 72

ಒಂದು ಮಾತು ಹೇಳಲೇಬೇಕು. ಕ್ವಾರಿಯ ದುರಾಸೆ ಊರನ್ನು ನುಂಗಿತು. ಹಣ ಸಿಗುತ್ತದೆ ಅಂದರೆ ಮನುಷ್ಯ ತನ್ನ ನೆತ್ತಿಯ ಮೇಲಿನ ಬೆಟ್ಟವನ್ನೂ ಕೊರೆಯುತ್ತಾನೆ.

ನಿವೃತ್ತ ಮೇಷ್ಟ್ರು

ದುರಾಸೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸ್ಲೇಟು ಕೆಲಸದವರ ಕೈಗೆ ಬರುತ್ತಿದ್ದದ್ದು ದಿನದ ರೊಟ್ಟಿ. ಅದು ಇಲ್ಲದಿದ್ದರೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಬೇಕಿತ್ತು. ಗ್ಲಾರುಸ್‌ನವರು ಹಾಗೆ ಹೋಗಿ 1845ರಲ್ಲಿ ವಿಸ್ಕಾನ್ಸಿನ್‌ನಲ್ಲಿ ನ್ಯೂ ಗ್ಲಾರುಸ್ ಅನ್ನೋ ಊರನ್ನೇ ಕಟ್ಟಿದ್ದಾರೆ. ತಪ್ಪಿದ್ದು ಎಲ್ಲಿ ಅಂದರೆ, ಎಷ್ಟು ಕೊರೆಯಬಹುದು, ಎಲ್ಲಿ ಕಂಬ ಬಿಡಬೇಕು ಅಂತ ಹೇಳುವ ಬಲ್ಲವರನ್ನು ಕರೆಸದೇ ಹೋದದ್ದು. ಹತ್ತಿರದ ಎಂಗಿಯಲ್ಲಿ ಸ್ಲೇಟು ಗಣಿ ನೂರಾರು ವರ್ಷ ನಡೆದು 1961ರಲ್ಲಿ ಮುಚ್ಚಿತು. ಈಗ ಅದರೊಳಗೆ ಜನ ನಡೆದು ನೋಡುತ್ತಾರೆ. ಕಲ್ಲು ಒಂದೇ, ತೆಗೆದ ರೀತಿ ಬೇರೆ.

ಗ್ಲಾರುಸ್ ಸೊಸೆ

ಮೇಷ್ಟ್ರ ಮಾತಿಗೆ ನನ್ನದೂ ಸೇರಿಸುತ್ತೇನೆ. ಅತ್ತೆಯ ಅಜ್ಜ ಸ್ಲೇಟು ಕೆಲಸದವರು. ಧೂಳು ಕುಡಿದು ಕುಡಿದು ಶ್ವಾಸಕೋಶ ಹೋಯಿತು, ಐವತ್ತು ಮುಟ್ಟಲಿಲ್ಲ. ಅತ್ತೆಯ ಬಳಿ ಒಂದು ಸ್ಲೇಟಿದೆ, ಒಂದು ಮೂಲೆ ಮುರಿದದ್ದು. ಒಂದು ಬದಿಗೆ ಬರೆಯಲು ಗೆರೆ, ಇನ್ನೊಂದಕ್ಕೆ ಲೆಕ್ಕದ ಚೌಕ. ಗೆರೆ ಅಂದರೆ ಬಣ್ಣ ಅಂದುಕೊಂಡಿದ್ದೆ. ಅಲ್ಲ, ಕಲ್ಲಿನಲ್ಲೇ ಗೀರಿದ್ದು. ಉಗುರಿಗೆ ತಾಗುತ್ತದೆ. ಆ ಗೆರೆ ಎಳೆಯುವ ಕೆಲಸ ಹೆಂಗಸರದು ಅಂತ ಅತ್ತೆ ಹೇಳುತ್ತಾರೆ. ಕುಸಿತದ ನಂತರವೂ ಕಣಿವೆಯ ಜನ ಸ್ಲೇಟು ಬಿಡಲಿಲ್ಲ, ಎಲ್ಮ್‌ನ ಕಾರ್ಖಾನೆ 1980ರ ದಶಕದವರೆಗೂ ನಡೆಯಿತು. ಅಷ್ಟು ಜನರನ್ನು ಕಳೆದುಕೊಂಡ ಊರು ಅದೇ ಕಲ್ಲನ್ನು ಮಕ್ಕಳಿಗಾಗಿ ಅಚ್ಚುಕಟ್ಟಾಗಿ ಕತ್ತರಿಸುತ್ತಾ ಕೂತಿತ್ತು ಅನ್ನುವುದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ.

ಅಂದಹಾಗೆ, ಕುಸಿತಕ್ಕೆ ಸರಿಯಾಗಿ ನೂರು ವರ್ಷವಾದ 1981ರಲ್ಲಿ ಎಲ್ಮ್‌ಗೆ ವಾಕ್ಕರ್ ಪ್ರಶಸ್ತಿ ಬಂತು. ಹಳೆಯ ಕಟ್ಟಡಗಳನ್ನು ಚೆನ್ನಾಗಿ ಉಳಿಸಿಕೊಂಡ ಊರಿಗೆ ದೇಶದ ಪರಂಪರೆ ಸಂಘ ಕೊಡುವ ಗೌರವ ಅದು. ಬೆಟ್ಟದ ದಾರಿ ಅವರು ನೋಡಿದ ಕಪ್ಪು ಮರದ ಮನೆಗಳು ಅವೇ.

ಬೆಟ್ಟದ ದಾರಿ

ಅಕ್ಕಾ, ಮೇಷ್ಟ್ರೇ, ಎಷ್ಟು ಧನ್ಯವಾದ ಹೇಳಿದರೂ ಸಾಲದು. ಮ್ಯೂಸಿಯಂನಲ್ಲಿ ಮಗಳು ಆ ಗೆರೆಗಳ ಮೇಲೆ ಬೆರಳಾಡಿಸುತ್ತಿದ್ದಳು, ಯಾಕೆ ಅಂತ ನನಗೆ ಹೊಳೆದಿರಲಿಲ್ಲ. ಇನ್ನೊಂದು ಕೇಳಲೇ? ಊರಿನ ಮೇಲಿನ ಶಿಖರಗಳ ಸಾಲಿನಲ್ಲಿ ಒಂದು ತೂತು ಕಂಡಿತು. ಕಣ್ಣಿನ ಭ್ರಮೆ ಅಂದುಕೊಂಡೆ. ಆರ ಪಾರ ಆಕಾಶ ಕಾಣುತ್ತಿತ್ತು.

ನಿವೃತ್ತ ಮೇಷ್ಟ್ರು

ಭ್ರಮೆಯಲ್ಲ, ಅದೇ ಮಾರ್ಟಿನ್ಸ್‌ಲೋಖ್, ಅಂದರೆ ಮಾರ್ಟಿನ್‌ನ ತೂತು! ಅದರ ಸುತ್ತಲಿನ ಬಂಡೆಯಲ್ಲಿ ಅಡ್ಡಕ್ಕೆ ಒಂದು ಗೆರೆ ನೋಡಿದಿರಾ, ಯಾರೋ ಚಾಕುವಿನಿಂದ ಕೊಯ್ದ ಹಾಗೆ? ಆ ಗೆರೆಯ ಮೇಲಿನ ಕಲ್ಲು 25 ರಿಂದ 30 ಕೋಟಿ ವರ್ಷ ಹಳೆಯದು, ಕೆಳಗಿನದು ಸುಮಾರು 5 ಕೋಟಿಯ ಆಸುಪಾಸಿನದು. ಹಳೆಯದು ಹೊಸದರ ಮೇಲೆ ಹತ್ತಿ ಕೂತಿದೆ. ಆಲ್ಪ್ಸ್ ಎದ್ದಾಗ ತಳ್ಳಿಸಿಕೊಂಡು ಬಂದದ್ದು. ಹತ್ತೊಂಬತ್ತನೆಯ ಶತಮಾನದ ದೊಡ್ಡ ದೊಡ್ಡವರು ಈ ಗೆರೆಯ ಮೇಲೆ ಜಗಳವಾಡಿದರು. 2008ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ನಿಮ್ಮ ಮಗಳು ‘ಅ’ ಬರೆದ ಸ್ಲೇಟು ಆ ಗೆರೆಯ ಕೆಳಗಿನ ಕಲ್ಲು, ಹಿಂದೆ ಸಮುದ್ರದ ಕೆಸರಾಗಿದ್ದದ್ದು. ಎಂಗಿಯ ಸ್ಲೇಟಿನಲ್ಲಿ ಮೀನುಗಳ ಪಳೆಯುಳಿಕೆ ಸಿಕ್ಕಿವೆ.

ಗ್ಲಾರುಸ್ ಸೊಸೆ

ಮೇಷ್ಟ್ರದು ವಿಜ್ಞಾನ, ನಮ್ಮ ಅತ್ತೆಯದು ಕಥೆ. ಮಾರ್ಟಿನ್ ಅನ್ನೋ ಸಂತ ಕುರಿ ಕಾಯುತ್ತಿದ್ದನಂತೆ. ಬೆಟ್ಟದ ಆಚೆಯಿಂದ ಒಬ್ಬ ದೈತ್ಯ ಕುರಿ ಕದಿಯಲು ಬಂದನಂತೆ. ಮಾರ್ಟಿನ್ ಕೈಕೋಲು ಎಸೆದ, ಅದು ದೈತ್ಯನಿಗೆ ತಾಗದೆ ಬೆಟ್ಟಕ್ಕೆ ಬಡಿದು ತೂತಾಯಿತು. ಇನ್ನೂ ಮುಖ್ಯವಾದದ್ದು ಕೇಳಿ. ವರ್ಷದಲ್ಲಿ ಎರಡು ಸಲ, ಮಾರ್ಚ್ 12-13ಕ್ಕೆ ಮತ್ತು ಸೆಪ್ಟೆಂಬರ್ 30-ಅಕ್ಟೋಬರ್ 1ಕ್ಕೆ, ಬೆಳಗಿನ ಸೂರ್ಯ ಸರಿಯಾಗಿ ಆ ತೂತಿನ ಹಿಂದೆ ಬರುತ್ತಾನೆ. ಊರೆಲ್ಲ ಇನ್ನೂ ನೆರಳಲ್ಲಿರುವಾಗ ಒಂದು ಬೆಳಕಿನ ಕೋಲು ಬಂದು ಚರ್ಚಿನ ಗೋಪುರಕ್ಕೆ ತಾಗುತ್ತದೆ. ಎರಡು ನಿಮಿಷ, ಆಮೇಲೆ ಹೋಗುತ್ತದೆ. ನಾನು ಒಮ್ಮೆ ನೋಡಿದ್ದೇನೆ. ಮಂಜಿನಲ್ಲಿ ಆ ಕಿರಣ ಕೈಯಿಂದ ಹಿಡಿಯಬಹುದು ಅನ್ನುವಷ್ಟು ಗಟ್ಟಿಯಾಗಿ ಕಾಣುತ್ತದೆ. ಅತ್ತೆ ಆಗ ಮೆಲ್ಲಗೆ ಹೇಳಿದ್ದು: ಇದಕ್ಕೆ ಯಾವ ಪಂಚಾಯ್ತಿ ಅಂತ ಗೊತ್ತಿಲ್ಲ, ಎಲ್ಮ್ ಚರ್ಚಿಗೇ ಬರುತ್ತದೆ.

ಕಾಫಿ ತೋಟ, ಮಡಿಕೇರಿ

ಅಕ್ಕಾ, ಒಂದೇ ಪ್ರಶ್ನೆ. ಈಗ ಅಲ್ಲಿ ಬೆಟ್ಟ ಅಲುಗಿದರೆ ಏನು ಮಾಡುತ್ತಾರೆ?

ಗ್ಲಾರುಸ್ ಸೊಸೆ

2023ರ ಆಗಸ್ಟ್ 29ರಂದು ಇದೇ ಗ್ಲಾರುಸ್ ಸ್ಯೂಡ್‌ನ ಶ್ವಾಂಡೆನ್‌ನಲ್ಲಿ ಗುಡ್ಡ ಜರಿಯಿತು. ಮನೆಗಳು ಹೋದವು, ಸುಮಾರು ನೂರು ಜನರನ್ನು ತೆರವು ಮಾಡಿದರು. ಜೀವ ಹೋಗಲಿಲ್ಲ. ಆದರೆ ಎಷ್ಟೋ ಜನ ತಮ್ಮ ಮನೆಗೆ ಹಿಂತಿರುಗಲಾಗಲಿಲ್ಲ, ಅದು ಸಣ್ಣ ನೋವಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಪಕ್ಕದ ಗ್ರಾವ್‌ಬ್ಯುಂಡೆನ್ ಕ್ಯಾಂಟನ್ನಿನ ಬ್ರಿಯೆಂಜ್ ಹಳ್ಳಿಯನ್ನು ಪೂರ್ತಿ ಖಾಲಿ ಮಾಡಿಸಿದ್ದರು. ಹಸುಗಳನ್ನೂ ಸೇರಿಸಿ. ಜೂನ್ ಮಧ್ಯದ ಒಂದು ರಾತ್ರಿ ಬೆಟ್ಟ ಇಳಿದು ಊರಿನ ಅಂಚಿಗೆ ಬಂದು ನಿಂತಿತು. ಬ್ರಿಯೆಂಜ್ ಕೂಡ ಈಗ ಸ್ವಂತ ಪಂಚಾಯ್ತಿ ಅಲ್ಲ, 2015ರಲ್ಲಿ ದೊಡ್ಡದರಲ್ಲಿ ಸೇರಿಹೋದದ್ದು. ಬಂಡೆಗಳ ಚಲನೆಯನ್ನು ರೇಡಾರ್ ಇಟ್ಟು ಹಗಲೂ ರಾತ್ರಿ ಅಳೆಯುತ್ತಿದ್ದರು. ಇಂಥ ಕೆಲಸಕ್ಕೆ ದೊಡ್ಡ ಪಂಚಾಯ್ತಿಯೇ ಮೇಲು ಅಂತ ನನ್ನ ಗಂಡ, ಕ್ಯಾಂಟನ್ ಇದ್ದರೆ ಸಾಕು ಅಂತ ಅತ್ತೆ. ಈ ಜಗಳ ಮುಗಿಯುವುದಿಲ್ಲ ಬಿಡಿ.

ಪಂಚಾಯ್ತಿ ಪಿಡಿಒ, ಧಾರವಾಡ ಕಡೆಯವ

ಹಸುಗೂಳನ್ನೂ ಕರಕೊಂಡು ಹೋದ್ರು ಅಂದ್ರಲ್ಲ, ಅದು ದೊಡ್ಡ ಮಾತರೀ. ದನ ಬಿಟ್ಟು ರೈತ ಎಲ್ಲೂ ಏಳಂಗಿಲ್ಲ. ನೆರಿ ಬಂದಾಗ ನಾ ಅದನ್ನ ಕಣ್ಣಾರೆ ನೋಡೇನಿ. ನಮ್ಮ ತಯಾರಿ ಕಡತದಾಗ ಇದನ್ನ ಬರಸತೇನಿ.

ಬೆಟ್ಟದ ದಾರಿ

ಸೆಪ್ಟೆಂಬರ್ 30ಕ್ಕೆ ರಜೆ ಹಾಕಿದೆ. ಹಿಂದಿನ ದಿನವೇ ಹೋಗಿ ಉಳಿಯೋಣ ಅಂತ. ಮಗಳು ಆ ಹಿರಿಯರಿಗೆ ಪೂರ್ತಿ ವರ್ಣಮಾಲೆ ಬರೆದುಕೊಡಬೇಕು ಅಂತ ಹಟ ಹಿಡಿದಿದ್ದಾಳೆ. ಅಕ್ಕಾ, ಚರ್ಚಿನ ಹತ್ತಿರ ಎಲ್ಲಿ ನಿಂತರೆ ಕಿರಣ ಚೆನ್ನಾಗಿ ಕಾಣುತ್ತದೆ?

ಗ್ಲಾರುಸ್ ಸೊಸೆ

ಗೋಪುರಕ್ಕೆ ತೀರಾ ಹತ್ತಿರ ಹೋಗಬೇಡಿ, ಸ್ವಲ್ಪ ಹಿಂದೆ ಹುಲ್ಲಿನ ಮೇಲೆ ನಿಲ್ಲಿ. ಮೋಡ ಇದ್ದರೆ ಏನೂ ಕಾಣುವುದಿಲ್ಲ, ಮಗಳಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ಚಳಿ ಇರುತ್ತದೆ, ಅವಳಿಗೆ ಕೈಗವಸು ಹಾಕಿ. ನಾನೂ ಅತ್ತೆಯನ್ನು ಕರೆದುಕೊಂಡು ಬರುತ್ತೇನೆ. ಮೂಲೆ ಮುರಿದ ಸ್ಲೇಟನ್ನೂ ತರುತ್ತಾರಂತೆ.